ಮಿಸೆಸ್ ಬ್ರಿಗ್ಸ್ ಯಾವ ಗೋತ್ರ?

ನಮ್ಮ ದೊಡ್ಡಪ್ಪನವರಂಥ ಸಿಟ್ಟಿನ ಮನುಷ್ಯ ಇಡೀ ಲಂಡನ್ನಿನಲ್ಲಿ ಇನ್ನೊಬ್ಬರಿಲ್ಲ! ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಲೆಕ್ಕ ಇಟ್ಟು ಹೇಳುತ್ತಿದ್ದೇನೆ. ದಿನಾ ಡೈರಿ ಬರೆಯುವುದು ನನ್ನ ಅಭ್ಯಾಸ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ರೇನರ್ಸ್ ಲೇನಿನ ಅವರ ಮನೆಯ ಮಹಡಿ ಕೋಣೆ ಸೇರಿದ ಮೊದಲ ವಾರದಲ್ಲೇ, ಖರ್ಚು ಮತ್ತು ಹವಾಮಾನದ ಪಕ್ಕದಲ್ಲಿ ಅವರ ಸಿಟ್ಟಿಗೆಂದೇ ಒಂದು ಕಾಲಂ ಎಳೆಯಬೇಕಾಯಿತು. ಸ್ವಲ್ಪ ದಿನಕ್ಕೆ ಹವಾಮಾನವನ್ನು ಕೈಬಿಟ್ಟು ಆ ಜಾಗವನ್ನೂ ಇದಕ್ಕೇ ಕೊಟ್ಟೆ. ಲಂಡನ್ನಿನಲ್ಲಿ ಮೋಡ ಕವಿದಿದೆ ಎಂದು ದಿನಾ ಬರೆದರೆ ಯಾರಿಗೆ ಏನು ಪ್ರಯೋಜನ?

ಮನುಷ್ಯರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾರಿಗಾದರೂ ಬರುತ್ತದೆ. ನಮ್ಮ ದೊಡ್ಡಪ್ಪ ಒಮ್ಮೆ ಬಸ್ ಸ್ಟಾಪಿನ ಮೇಲೆ ಸಿಟ್ಟಾಗಿ, ಅದಕ್ಕೆ ಬೆನ್ನು ತಿರುಗಿಸಿ, ಮುಂದಿನ ಸ್ಟಾಪಿನ ತನಕ ನಡೆದುಬಿಟ್ಟರು. ಬಸ್ಸು ಹಿಂದಿನ ಸ್ಟಾಪಿಗೆ ಬಂದು, ಇವರು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹಾದುಹೋಯಿತು. ಆಮೇಲೆ ಬಸ್ಸಿನ ಮೇಲೂ ಸಿಟ್ಟು. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಮಾಡುವ ಮಷೀನು ಕೆಂಪು ದೀಪ ಹಾಕಿಕೊಂಡು ಒದರತೊಡಗಿದಾಗ ಅದರ ಮುಂದೆ ನಿಂತು, "ಯಾಕ್ರಿ ಹಂಗ ಒದರತೀರಿ? ನಾ ಏನು ಕಳವು ಮಾಡೀನೇನು?" ಎಂದು ಕೇಳಿದವರು ಅವರು.

"ಯಾಕ್ರಿ" ಎಂದದ್ದನ್ನು ಗಮನಿಸಿ. ಅವರು ಧಾರವಾಡದಲ್ಲೇ ಬೆಳೆದವರು, ನಾನು ಬೇರೆ ಊರಿನಲ್ಲಿ ಬೆಳೆದವಳು. ಸಿಟ್ಟು ನೆತ್ತಿಗೇರಿದರೂ ಹೊರಗಿನವರೊಂದಿಗೆ ಮರ್ಯಾದೆ ಬಿಡುವವರಲ್ಲ. ಮಷೀನಿಗೂ "ರಿ"! ಪಕ್ಕದ ಮನೆಯ ಗುಜರಾತಿ ಅಜ್ಜಿ ತನ್ನ ಕಸದ ಡಬ್ಬಿಯನ್ನು ನಮ್ಮ ಗೇಟಿಗೆ ಒರಗಿಸಿದಾಗಲೂ, ಆಕೆಗೆ ಕನ್ನಡ ಬಾರದೆಂದು ಗೊತ್ತಿದ್ದೂ, "ಬಾಯಾರ, ಇದು ನಿಮ್ಮ ಡಬ್ಬಿ ಹೌದಲ್ರಿ?" ಎಂದೇ ಜಗಳ ಶುರು ಮಾಡಿದರು. ಅವರ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ "ಬಾಯಾರ" ಎನ್ನುವುದು ವಾಡಿಕೆ. ಅಜ್ಜಿ ಗುಜರಾತಿಯಲ್ಲಿ ಉತ್ತರ ಕೊಟ್ಟರು. ಅರ್ಧ ಗಂಟೆ ಜಗಳ ನಡೆಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಕಾರಣ ಸೌಹಾರ್ದಯುತವಾಗಿಯೇ ಮುಗಿಯಿತು.

ಇಡೀ ಭೂಮಂಡಲದಲ್ಲಿ ಒಬ್ಬಳಿಗೆ ಮಾತ್ರ ಈ ಮರ್ಯಾದೆ ಇರಲಿಲ್ಲ. ಅವಳು ಬರೀ "ಅಕಿ". ಸಿಟ್ಟು ಜಾಸ್ತಿಯಾದರೆ "ಆ ಬ್ರಿಗ್ಸ್".

ಬ್ರಿಗ್ಸ್ ಅಂದರೆ ಮಿಸೆಸ್ ಬ್ರಿಗ್ಸ್. ದೊಡ್ಡಪ್ಪ ಎಳೆಯ ಡಾಕ್ಟರಾಗಿ ಈ ದೇಶಕ್ಕೆ ಬಂದು, ಇಲ್ಲಿನ ಪರೀಕ್ಷೆ ಪಾಸಾಗುವ ತನಕ ಕೆಲಸವಿಲ್ಲದೆ ಗ್ರೀನ್‌ಫರ್ಡ್‌ನಲ್ಲಿ ಒಂದು ಕೋಣೆ ಹಿಡಿದಿದ್ದರಂತೆ. ಆ ಮನೆಯೊಡತಿ ಇವಳು. ಎರಡು ವರ್ಷ ಅಲ್ಲಿದ್ದು, ಜಗಳ ಮಾಡಿಕೊಂಡು, ಒಂದೇ ಸಂಜೆಯಲ್ಲಿ ಪೆಟ್ಟಿಗೆ ಕಟ್ಟಿ ಹೊರಬಿದ್ದವರು ಮತ್ತೆ ಅತ್ತ ತಲೆ ಹಾಕಿಲ್ಲ. ಆದರೆ ಊಟದ ಮೇಜಿನ ಮೇಲೆ ಮಿಸೆಸ್ ಬ್ರಿಗ್ಸ್ ವಾರಕ್ಕೆ ಎರಡು ಸಲವಾದರೂ ಬಂದು ಕೂರುತ್ತಿದ್ದಳು. "ಇಂಗಿನ ಡಬ್ಬಿ ಕಿಟಕಿ ಹೊರಗ ಇಟ್ಟಿದ್ದಳು ಅಕಿ! ಇಂಗು ಏನು ನಾಯಿ ಏನು, ಹೊರಗ ಇಡಲಿಕ್ಕೆ?" ಇತ್ಯಾದಿ. ದೊಡ್ಡಮ್ಮ ಸಾರು ಬಡಿಸುತ್ತಾ, "ಅಕಿ ಹೆಸರ ತಗೋಳಲಾರದ ನಿಮಗ ಅನ್ನ ಇಳಿಯೂದಿಲ್ಲೇನ್ರಿ?" ಎನ್ನುತ್ತಿದ್ದರು.

ಜೂನ್ ತಿಂಗಳ ಒಂದು ಬೆಳಗ್ಗೆ ದೊಡ್ಡಪ್ಪ ಉಪ್ಪಿಟ್ಟು ತಿನ್ನುತ್ತಾ ಘೋಷಿಸಿದರು:

"ಏನವಾ, ಬರೂ ಶನಿವಾರ ಲೈಬ್ರರಿಗೆ ಹೋಗೂಣು. ವಂಶಾವಳಿ ಹುಡುಕೂ ಲೈಬ್ರರಿ ಅದ ಅಲ್ಲ, ಅಲ್ಲಿಗೆ."

"ನಮ್ಮ ವಂಶಾವಳಿ ಇಲ್ಲೆಲ್ಲಿ ಸಿಗುತ್ತೆ ದೊಡ್ಡಪ್ಪ?"

"ನಮ್ಮದು ಯಾರಿಗೆ ಬೇಕು? ಅದು ನನ್ನ ಬಾಯಾಗ ಅದ. ಆ ಬ್ರಿಗ್ಸ್‌ದು ಹುಡುಕೂದದ. ಅಕಿ ಯಾರು, ಏನಾದಳು, ಎಲ್ಲಾ. ಮಹಾಲಯ ಅಮಾವಾಸ್ಯೆಯೊಳಗ ಸಿಗಬೇಕು!"

ಅಮಾವಾಸ್ಯೆ ಯಾಕೆಂದು ನಾನು ಕೇಳಲಿಲ್ಲ. ಅವರು ಬಾಯ್ಲರ್ ರಿಪೇರಿಯವನಿಗೂ ಏಕಾದಶಿ ಬಿಟ್ಟು ಬಾ ಎನ್ನುವವರು. ನಾನು ಕೇಳಿದ್ದು, "ನಾನ್ಯಾಕೆ?" ಎಂದು. ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದರದ್ದು ಸರದಿಯಲ್ಲಿತ್ತು. ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಕಣ್ಣು ನನ್ನದು, ಸಿಟ್ಟು ಅವರದು ಎಂದು ಕೆಲಸ ಹಂಚಿಕೆಯಾಯಿತು. ವಾರವಿಡೀ ಲ್ಯಾಬಿನಲ್ಲಿ ಪರರ ರಕ್ತ ನೋಡಿ, ಶನಿವಾರ ಹನ್ನೊಂದರ ತನಕ ಮಲಗುವುದೊಂದೇ ಈ ದೇಶದಲ್ಲಿ ನನಗಿದ್ದ ಸುಖ. ಅದಕ್ಕೂ ಕಲ್ಲು ಬಿತ್ತು. ಹೇಳಿ, ಸಿಟ್ಟು ಬರಬೇಕಾದ್ದು ಯಾರಿಗೆ?

ಆ ಲೈಬ್ರರಿ ಎಂದರೆ ಒಂದು ಕಟ್ಟಡದ ಮಹಡಿ ಮೇಲಿನ ಎರಡು ಕೋಣೆ. ಊರಿನ ನಿವೃತ್ತರು ಸೇರಿ ಸಂಬಳವಿಲ್ಲದೆ ನಡೆಸುವುದು. ಹಳೆಯ ಮತದಾರರ ಪಟ್ಟಿ, ಚರ್ಚಿನ ಮದುವೆ ದಾಖಲೆ, ಸಮಾಧಿಗಳ ವಿವರ, ತಮ್ಮ ಮುತ್ತಾತನನ್ನು ಹುಡುಕುತ್ತಾ ಕೂತ ಬಿಳಿ ತಲೆಗಳು. ಬಾಗಿಲಲ್ಲೇ ಉಣ್ಣೆಯ ವೇಸ್ಟ್‌ಕೋಟು ತೊಟ್ಟ ಒಬ್ಬ ಎತ್ತರದ ಸಾಹೇಬರು ದೊಡ್ಡಪ್ಪನ ಜೇಬಿನಿಂದ ಪೆನ್ನು ತೆಗೆಸಿ ಪೆನ್ಸಿಲ್ ಕೊಟ್ಟರು. ಶಾಯಿ ಬಿದ್ದರೆ ದಾಖಲೆ ಹಾಳಾಗುತ್ತದಂತೆ.

"ಈ ಪೆನ್ನಿನಿಂದ ಇಡೀ ಜೀವಮಾನ ಔಷಧಿ ಬರೆದಿದ್ದೇನೆ. ಒಬ್ಬ ರೋಗಿಯ ಮೇಲೂ ಶಾಯಿ ಬಿದ್ದಿಲ್ಲ," ಎಂದರು ದೊಡ್ಡಪ್ಪ ಇಂಗ್ಲಿಷಿನಲ್ಲಿ.

"ರೋಗಿಗಳನ್ನು ತೊಳೆಯಬಹುದು, ಡಾಕ್ಟರ್," ಎಂದರು ಸಾಹೇಬರು.

ನನಗೆ ಅವರು ಆಗಲೇ ಇಷ್ಟವಾದರು.

ಆಮೇಲೆ ಸದಸ್ಯತ್ವದ ಫಾರಂ. ಹುಡುಕುತ್ತಿರುವ ವ್ಯಕ್ತಿಗೂ ನಿಮಗೂ ಏನು ಸಂಬಂಧ ಎಂದು ಅದರಲ್ಲೊಂದು ಪ್ರಶ್ನೆ. ದೊಡ್ಡಪ್ಪ ಪೆನ್ಸಿಲಿನ ಮೊನೆ ಮುರಿಯುವಂತೆ ಒತ್ತಿ ಬರೆದರು: ಶತ್ರು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಆ ವರ್ಗ ನಮ್ಮಲ್ಲಿ ಇಲ್ಲ."

"ಈಗ ಮಾಡಿಕೊಳ್ಳಿ."

"ಮಾಡಿದರೆ ಮುಕ್ಕಾಲು ಪಾಲು ಸದಸ್ಯರು ಅದಕ್ಕೇ ಹೋಗುತ್ತಾರೆ," ಎಂದು ಸಾಹೇಬರು 'ಇತರೆ' ಎಂಬಲ್ಲಿ ಗುರುತು ಹಾಕಿದರು. "ಮೊದಲು ನಿಮ್ಮ ಸ್ವಂತ ವಂಶದಿಂದ ಶುರು ಮಾಡಿ ಎಂದು ಎಲ್ಲರಿಗೂ ಸಲಹೆ ಕೊಡುತ್ತೇವೆ."

ಇದು ಸಾಕಾಯಿತು! ದೊಡ್ಡಪ್ಪ ಎದ್ದು ನಿಂತು, ಕಣ್ಣು ಮುಚ್ಚಿ, ಅಪ್ಪ, ಅಜ್ಜ, ಮುತ್ತಜ್ಜನಿಂದ ಹಿಡಿದು ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಬಿಳಿ ತಲೆಗಳೆಲ್ಲ ತಿರುಗಿ ನೋಡಿದವು. ಒಬ್ಬ ಅಜ್ಜಿ ಚಪ್ಪಾಳೆಯನ್ನೂ ತಟ್ಟಿದಳು.

"ಅದ್ಭುತ. ಇದಕ್ಕೆ ದಾಖಲೆ?" ಎಂದರು ಸಾಹೇಬರು.

ದೊಡ್ಡಪ್ಪ ನನ್ನ ಕಡೆ ತಿರುಗಿ, "ದಾಖಲೆ ಅಂತ! ಕೇಳಿದಿಲ್ಲೋ? ಈಗ ಒಪ್ಪಿಸಿದ್ದು ಮತ್ತೇನು ಶಿನಿಮಾ ಹಾಡೇನು?" ಎಂದರು.

ಆ ಶನಿವಾರದ ಲೆಕ್ಕ: ಪೆನ್ಸಿಲಿನ ಮೇಲೆ ಒಂದು, ಫಾರಮ್ಮಿನ ಮೇಲೆ ಒಂದು, ಸಾಹೇಬರ ಮೇಲೆ ಮೂರು, ನಕ್ಕಿದ್ದಕ್ಕೆ ನನ್ನ ಮೇಲೆ ಒಂದು.

ಹುಡುಕಾಟದ ಕಷ್ಟವೇನೆಂದರೆ ದೊಡ್ಡಪ್ಪನಿಗೆ ಗೊತ್ತಿದ್ದದ್ದು ಎರಡೇ ಸಂಗತಿ: ಬೀದಿಯ ಹೆಸರು ಮತ್ತು ಬ್ರಿಗ್ಸ್. ಮನೆ ನಂಬರು ಮರೆತಿತ್ತು. ಅವಳ ಸ್ವಂತ ಹೆಸರು ಮೊದಲಿನಿಂದಲೇ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗಿದ್ದು ಹೆಸರು ಗೊತ್ತಿಲ್ಲವೇ ಎಂದರೆ, "ಅಕಿ ಹೆಸರ ತಗೊಂಡು ನಾ ಏನು ಜಪಾ ಮಾಡೂದಿತ್ತೇನು? ಮಿಸೆಸ್ ಬ್ರಿಗ್ಸ್ ಅಂತಿದ್ದೆ, ಅಕಿ ಓ ಅಂತಿದ್ದಳು. ಮುಗೀತು!"

ಆ ವರ್ಷಗಳ ಮತದಾರರ ಪಟ್ಟಿಯನ್ನು ನಾನು ಬೀದಿಯ ಈ ತುದಿಯಿಂದ ಆ ತುದಿಯ ತನಕ ಓದಿದೆ. ಬ್ರಿಗ್ಸ್ ಇಲ್ಲ. ಪಕ್ಕದ ಬೀದಿ, ಅದರ ಪಕ್ಕದ ಬೀದಿ, ಎಲ್ಲೂ ಇಲ್ಲ. ದೊಡ್ಡಪ್ಪನ ಅನುಮಾನ ಸಾಹೇಬರ ಮೇಲೆ ತಿರುಗಿತು. "ಇವರ ಮಂದಿ ಎಲ್ಲಾ ಒಂದ. ಅಕಿನ್ನ ಬಚ್ಚಿಟ್ಟಾರ!" ಕಾಯುತ್ತಾ ಕೂರುವುದು ಅವರಿಗೆ ಬಾರದು. ಅಕ್ಕಪಕ್ಕದವರ ವಂಶವೃಕ್ಷಕ್ಕೂ ಕೈ ಹಾಕತೊಡಗಿದರು. ಒಂದು ದಿನ ಒಬ್ಬರ ಹಾಳೆಯನ್ನು ಇಣುಕಿ ನೋಡಿ, "ಅಪ್ಪ ವಿಲಿಯಂ, ಮಗ ವಿಲಿಯಂ, ಮೊಮ್ಮಗ ವಿಲಿಯಂ! ನಿಮ್ಮಲ್ಲಿ ಹೆಸರಿಗೆ ಇಷ್ಟು ಕೊರತೆಯೇ?" ಎಂದು ಇಂಗ್ಲಿಷಿನಲ್ಲೇ ಕೇಳಿಬಿಟ್ಟರು.

ವೇಸ್ಟ್‌ಕೋಟಿನ ಸಾಹೇಬರು ತಲೆಯೆತ್ತದೆಯೇ, "ಡಾಕ್ಟರ್, ನೀವು ಅಂದು ಒಪ್ಪಿಸಿದ ಏಳು ಹೆಸರುಗಳಲ್ಲಿ ಎರಡೇ ಹೆಸರು ಒಂದನ್ನು ಬಿಟ್ಟು ಒಂದು ಬರುತ್ತಿದ್ದವು," ಎಂದರು.

ನಿಜ! ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಉತ್ತರ ಹೊಳೆಯದ ಸಿಟ್ಟಿಗೆ ಡೈರಿಯಲ್ಲಿ ಬೇರೆಯೇ ಗುರುತಿದೆ, ಎರಡು ಗೆರೆ ಎಳೆದು ಬರೆಯುತ್ತೇನೆ.

ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಅಷ್ಟಕ್ಕೂ ಅವಳು ನಿಮಗೆ ಮಾಡಿದ್ದೇನು? ಇಂಗಿನ ಡಬ್ಬಿಗೆ ಇಷ್ಟೊಂದಾ?"

ಬಸ್ಸು ತುಂಬಿತ್ತು. ದೊಡ್ಡಪ್ಪನ ದನಿ ಬಸ್ಸಿಗಿಂತ ದೊಡ್ಡದು.

"ಇಂಗಿಂದು ಬಿಡು. ಪರೀಕ್ಷಾ ಎದುರಿಗಿತ್ತು, ಆಗ ಊರಿಂದ ಸುದ್ದಿ ಬಂತು, ಅಪ್ಪ ಹೋದ ಅಂತ. ಹೋಗಲಿಕ್ಕೆ ಆಗಲಿಲ್ಲ ನನಗ. ಊರಾಗ ನಿಮ್ಮಪ್ಪ ಎಲ್ಲಾ ಮಾಡಿದ. ಆದ್ರ ಹಿರೇ ಮಗ ನಾ ಹೌದಲ್ಲೋ? ಹತ್ತನೇ ದಿನ ಅಕಿ ಹಿತ್ತಲದಾಗ ನಾನೂ ಒಂದು ಪಿಂಡ ಇಡತೀನಿ ಅಂದೆ. ಕಾಗಿ ಬಂದು ಮುಟ್ಟಬೇಕು, ಮುಟ್ಟಲಿಲ್ಲಂದ್ರ ಹೋದವರ ಮನಸಿನ್ಯಾಗ ಏನೋ ಉಳದದ ಅಂತ ಅಕಿಗೆ ತಿಳಿಸಿ ಹೇಳಿದೆ. ಗ್ವಾಡಿ ಮ್ಯಾಲೆ ಇಟ್ಟು ಹಿಂದ ಸರದಿಲ್ಲ, ಬಂದ್ವು ನೋಡವಾ, ಮೂರು ಕಾಗಿ! ಅಪ್ಪಗ ನನ್ನ ಮ್ಯಾಲೆ ಸಿಟ್ಟಿಲ್ಲ ಅಂತ ಅಲ್ಲೇ ನಿಂತು ಅತ್ತಬಿಟ್ಟೆ. ಆಗ ಅಕಿ ಬಾಗಲದಾಗ ನಿಂತು ನಕ್ಕೋತ ಏನಂದಳು ಗೊತ್ತದ? 'ಬರದ ಏನ್ಮಾಡತಾವ, ನೀ ಹೇಳಿದಾಗಿಂದ ದಿನಾ ಮುಂಜಾನೆ ಆ ಗ್ವಾಡಿ ಮ್ಯಾಲೆ ಬೇಕನ್ ಇಟ್ಟು ರೂಢಿ ಮಾಡಿಸೀನಿ' ಅಂದಳು. ಬೇಕನ್! ನಮ್ಮಪ್ಪನ ಕಾಗಿಗೆ ಬೇಕನ್!"

ಬೇಕನ್ ಎಂದರೆ ಉಪ್ಪು ಹಾಕಿದ ಹಂದಿ ಮಾಂಸದ ಪಟ್ಟಿ. ನಮ್ಮ ಅಜ್ಜ ಈರುಳ್ಳಿ ತಿಂದವರ ಮನೆಯಲ್ಲಿ ನೀರು ಕುಡಿಯದವರು. ಬಸ್ಸಿನವರಿಗೆ ಈ ಕಥೆಯಲ್ಲಿ ಅರ್ಥವಾದದ್ದು ಒಂದೇ ಶಬ್ದ. ಎದುರಿಗಿದ್ದ ಹುಡುಗ, ಈ ಮುದುಕರಿಗೆ ಯಾರೋ ತಿಂಡಿ ಕೊಟ್ಟಿಲ್ಲ ಎಂಬಂತೆ ಮರುಕದಿಂದ ನೋಡುತ್ತಿದ್ದ.

"ಕಾಗಿ ಬಂದದ್ದು ಅಪ್ಪನ ಸಲುವಾಗ್ಯೋ, ಬೇಕನ್ ಸಲುವಾಗ್ಯೋ? ಹೇಳು! ಇಷ್ಟು ವರ್ಷ ಆತು, ಇವತ್ತಿಗೂ ನನಗ ಗೊತ್ತಿಲ್ಲ. ಅಪ್ಪ ನನ್ನ ಕ್ಷಮಿಸ್ಯಾನೋ ಇಲ್ಲೋ ಅನ್ನೂದು ಗೊತ್ತಿಲ್ಲದಂಗ ಮಾಡಿಟ್ಟಳು ಅಕಿ! ಅವತ್ತ ಸಂಜೀಕ ಪೆಟಗಿ ತಗೊಂಡು ಸೌತ್‌ಹಾಲ್‌ಗೆ ಗೆಳ್ಯಾನ ರೂಮಿಗೆ ಹೋದೆ."

ನನಗೆ ನಗು ಬಂತು, ಬಸ್ಸಿನಿಂದ ಇಳಿಯುವಷ್ಟರಲ್ಲಿ ಅದು ಕನಿಕರವಾಯಿತು.

ಕನಿಕರ ಉಳಿದದ್ದು ಬಹಳ ದಿನವಲ್ಲ. ಆಗಸ್ಟ್ ಬಂತು. ಗೆಳತಿಯೊಬ್ಬಳ ಗೃಹಪ್ರವೇಶ, ತಿಂಗಳ ಮೊದಲೇ ಕರೆದಿದ್ದಳು. ಶನಿವಾರ! ದೊಡ್ಡಪ್ಪ ಲೈಬ್ರರಿ ತಪ್ಪಿಸಲು ಒಲ್ಲೆನೆಂದರು. ನಾನೂ ಅದೇ ವಂಶದವಳಲ್ಲವೇ? ಸ್ಫೋಟಿಸಿದೆ.

"ಇಲ್ಲದ ಹೆಸರನ್ನು ಇನ್ನೆಷ್ಟು ಶನಿವಾರ ಹುಡುಕೋದು? ಬ್ರಿಗ್ಸ್ ಬ್ರಿಗ್ಸ್ ಅಂತ ನನ್ನ ಕಣ್ಣು ಹೋಯ್ತು! ಹೆಸರು ಬಿಡಿ, ಮನೆ ಹುಡುಕಿ! ನಡೆದು ಹೋಗಿ ಅದರ ಮುಂದೆ ನಿಂತ್ಕೊಳ್ಳಿ, ನಂಬರ್ ನೋಡಿ, ಆ ನಂಬರಲ್ಲಿ ಯಾರಿದ್ದರು ಅಂತ ಪಟ್ಟಿ ನೋಡಿದರೆ ಆಯ್ತು! ಇಷ್ಟು ದಿನ ನಿಮಗ್ಯಾಕೆ ಹೊಳೀಲಿಲ್ಲ?"

ದೊಡ್ಡಮ್ಮ ಅಡುಗೆಮನೆಯಿಂದ, "ನಿಮ್ಮ ಮನೆತನದಾಗ ಎಲ್ಲಾರಿಗೂ ಸಮನಾಗಿ ಪಾಲು ಸಿಕ್ಕಿದ್ದು ಸಿಟ್ಟೊಂದ ನೋಡು," ಎಂದರು. ದೊಡ್ಡಪ್ಪ ತಟ್ಟೆ ನೋಡುತ್ತಾ ಮೆಲ್ಲಗೆ, "ಹೊಳದಿತ್ತವಾ. ಅಲ್ಲಿ ಹೋಗಲಿಕ್ಕೆ ಧೈರ್ಯ ಆಗಲಿಲ್ಲ," ಎಂದರು. ನನ್ನ ಸಿಟ್ಟಿನ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಗೃಹಪ್ರವೇಶಕ್ಕೆ ಹೋದೆ. ಹೋಳಿಗೆ ರುಚಿಸಲಿಲ್ಲ. ಅದಕ್ಕೂ ಅವರ ಮೇಲೆ ಸಿಟ್ಟು ಬಂತು.

ಮರುದಿನವೇ ಗ್ರೀನ್‌ಫರ್ಡ್‌ಗೆ ಹೋದೆವು. ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ದೊಡ್ಡಪ್ಪ ಮುಂಬಾಗಿಲುಗಳ ಕಡೆ ನೋಡಲೇ ಇಲ್ಲ. ಹಿಂದಿನ ಓಣಿಗೆ ಹೋಗಿ, ಒಂದೊಂದೇ ಹಿತ್ತಲ ಗೋಡೆ ದಾಟುತ್ತಾ, ಒಂದು ಮೋಟು ಇಟ್ಟಿಗೆ ಗೋಡೆಯ ಮುಂದೆ ನಿಂತರು. ಮೇಲಿನ ಸಾಲಿನ ಇಟ್ಟಿಗೆಯ ಮೇಲೆ ಅಂಗೈ ಇಟ್ಟರು. ಮೇಲಿನ ಕಿಟಕಿಯಿಂದ ಒಬ್ಬ ಹೆಂಗಸು ಇಣುಕಿ, "ಕೌನ್ಸಿಲಿನವರಾ? ಆ ಗೋಡೆ ಬೀಳೋ ಹಾಗಿದೆ ಅಂತ ಬರೆದಿದ್ದು ನಾನೇ!" ಎಂದು ಕೂಗಿದಳು.

"ಈ ಗೋಡೆಗೆ ಏನೂ ಆಗಿಲ್ಲ!" ದೊಡ್ಡಪ್ಪ ಇಂಗ್ಲಿಷಿನಲ್ಲಿ ಗದರಿದರು. "ಇದನ್ನು ಯಾರೂ ಮುಟ್ಟಬಾರದು!"

ಹೆಂಗಸು ಪಾಪ ಕಿಟಕಿ ಮುಚ್ಚಿಕೊಂಡಳು. ಈಗಲೂ ಆಕೆ ಅದನ್ನು ಕೌನ್ಸಿಲಿನ, ಅಂದರೆ ಅಲ್ಲಿನ ಪುರಸಭೆಯ, ಆಜ್ಞೆ ಎಂದೇ ತಿಳಿದಿರಬೇಕು.

ಮುಂದಿನ ಶನಿವಾರ ಪಟ್ಟಿ ತೆಗೆದು, ಬೀದಿ ಹುಡುಕಿ, ನಂಬರಿನ ಮೇಲೆ ಬೆರಳಿಟ್ಟೆ. ಬ್ರಿಗ್ಸ್ ಇರಲಿಲ್ಲ. ಆ ನಂಬರಿನಲ್ಲಿ ಇದ್ದದ್ದು ಎರಡು ಹೆಸರು. ಒಂದು, ವಿನಿಫ್ರೆಡ್ ಹೋಲ್ಟ್. ಅದರ ಕೆಳಗೆ, ನಮ್ಮ ದೊಡ್ಡಪ್ಪ!

ಬೀದಿಯುದ್ದಕ್ಕೂ ಬ್ರಿಗ್ಸ್ ಹುಡುಕುವ ಭರದಲ್ಲಿ ಬ ಅಕ್ಷರ ಬಿಟ್ಟು ಬೇರೇನನ್ನೂ ನನ್ನ ಕಣ್ಣು ನೋಡಿರಲಿಲ್ಲ. ಅವರ ಹೆಸರು, ಅವರ ಅಪ್ಪನ ಹೆಸರು, ಅಡ್ಡಹೆಸರಾಗಿ ಊರಿನ ಹೆಸರು, ಒಂದೂ ತಪ್ಪಿಲ್ಲದೆ ಅಲ್ಲಿತ್ತು.

"ಇದು ಹೆಂಗ? ನಾ ಯಾವ ಫಾರಂನೂ ತುಂಬಿಲ್ಲ!"

ಸಾಹೇಬರು ವಿವರಿಸಿದರು: ಆ ಕಾಲದಲ್ಲಿ ಫಾರಂ ಬರುತ್ತಿದ್ದದ್ದು ಮನೆಯ ಯಜಮಾನರಿಗೆ. ತಮ್ಮ ಮನೆಯಲ್ಲಿ ಇರುವವರೆಲ್ಲರ ಹೆಸರನ್ನು ಅವರೇ ಬರೆದು ಕಳಿಸಬೇಕು. ಆಮೇಲೆ ಹಿಂದಿನ ವರ್ಷಗಳ ಸಂಪುಟ ತೆಗೆದು ತೋರಿಸಿದರು. ಬ್ರಿಗ್ಸ್ ಅಲ್ಲಿದ್ದ. ಹೌದು, ಇದ್ದ! ದೊಡ್ಡಪ್ಪನಿಗಿಂತ ಮೊದಲು ಅದೇ ಕೋಣೆಯಲ್ಲಿದ್ದ ಬಾಡಿಗೆದಾರ. ದೊಡ್ಡಪ್ಪನಿಗೆ ಆಗ ನೆನಪಾಯಿತು: ಅವನು ಬಿಟ್ಟುಹೋದ ಮೇಲೂ ಕರೆಗಂಟೆಯ ಮೇಲಿನ ಅವನ ಹೆಸರಿನ ಚೀಟಿಯನ್ನು ಯಾರೂ ಕಿತ್ತಿರಲಿಲ್ಲ. ದೊಡ್ಡಪ್ಪ ಬಂದ ದಿನ ಅದನ್ನೇ ಓದಿ, "ಗುಡ್ ಮಾರ್ನಿಂಗ್ ಮಿಸೆಸ್ ಬ್ರಿಗ್ಸ್" ಎಂದವರು ಎರಡು ವರ್ಷವೂ ಹಾಗೇ ಅಂದರು.

"ಅಂದರೆ ಇಷ್ಟು ವರ್ಷ ನೀವು ಬೈದದ್ದು ಬೇರೆ ಯಾರನ್ನೋ," ಎಂದೆ ನಾನು. ಬಾಯಿ ಮುಚ್ಚಿಕೊಳ್ಳಬೇಕಿತ್ತು.

ದೊಡ್ಡಪ್ಪ ಮೇಜು ಗುದ್ದಿದರು. ಪೆನ್ಸಿಲುಗಳು ಹಾರಿದವು. "ಎರಡು ವರ್ಷ ತಪ್ಪು ಹೆಸರು ಹಿಡದು ಕರದೆ, ಒಮ್ಮೆರೆ ತಿದ್ದಬಾರದೇನು ಅಕಿ? ಬಾಯಿ ಇರಲಿಲ್ಲೇನು? ನನ್ನ ಹೆಸರ ಅಕಿಗೆ ಗೊತ್ತಿತ್ತು! ನನ್ನ ಹೆಸರ, ಅಪ್ಪನ ಹೆಸರ, ಊರಿನ ಹೆಸರ! ಅಕಿ ಹೆಸರ ನನಗ..." ಮುಂದೆ ಹೇಳದೆ ಸಾಹೇಬರತ್ತ ತಿರುಗಿ, ಮಕ್ಕಳು ಯಾರಾದರೂ ಇದ್ದಾರಾ ಎಂದು ಕೇಳಿದರು.

ಸಾಹೇಬರು ಬೇರೆ ಬೇರೆ ಸಂಪುಟ ನೋಡಿ ಬಂದರು. ಆಕೆ ವಿಧವೆ. ಮಕ್ಕಳಿರಲಿಲ್ಲ. ದೊಡ್ಡಪ್ಪ ಬಿಟ್ಟುಹೋದ ಮೇಲೆ ಆ ಮನೆಯ ನಂಬರಿನಲ್ಲಿ ಆಕೆಯದೊಂದೇ ಹೆಸರು. ಕೆಲವು ವರ್ಷಕ್ಕೆ ಅದೂ ಇಲ್ಲ. ಸಾವಿನ ದಾಖಲೆಯಲ್ಲಿತ್ತು.

"ಮಕ್ಕಳಿಲ್ಲವೇ? ಸರಿಯಾಗಿ ನೋಡಿ!"

"ಎರಡು ಸಲ ನೋಡಿದೆ, ಡಾಕ್ಟರ್."

"ಮೂರನೆಯ ಸಲ ನೋಡಿ!"

ಸಾಹೇಬರು ಮೂರನೆಯ ಸಲ ಹೋಗಿ ನೋಡಿ ಬಂದು ತಲೆಯಾಡಿಸಿದರು. ದೊಡ್ಡಪ್ಪ ಚೆಲ್ಲಿದ ಪೆನ್ಸಿಲುಗಳನ್ನು ಹೆಕ್ಕಿ ಜೋಡಿಸಿದರು. ಆಮೇಲೆ ಕೇಳಿದರು:

"ಆಕೆಯ ಗೋತ್ರ ಯಾವುದು?"

ಸಾಹೇಬರು ಇಪ್ಪತ್ತು ವರ್ಷದಿಂದ ಆ ಕೋಣೆಯಲ್ಲಿದ್ದಾರಂತೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದದ್ದು ಮೊದಲ ಸಲವಿರಬೇಕು. "ಅದು ಚರ್ಚಿನ ಹೆಸರೇ? ಕಸುಬೇ?" ಎಂದು ಕೇಳಿ, ಸೋಲೊಪ್ಪದೆ, "ತಂದೆ ಬಡಗಿ ಎಂದಿದೆ, ನೋಡಿ," ಎಂದರು.

ನನಗೆ ಆಗ ಹೊಳೆಯಿತು. ಜಗಳ ಆಡಲು ಯಾರಾದರೂ ಗೋತ್ರ ಕೇಳುತ್ತಾರೆಯೇ? ಮಹಾಲಯ ಅಮಾವಾಸ್ಯೆ! ತೀರಿಹೋದವರಿಗೆಲ್ಲ ಎಳ್ಳುನೀರು ಬಿಡುವ ದಿನ. ಅದಕ್ಕೆ ಬೇಕಾದದ್ದು ಎರಡು, ಹೆಸರು ಮತ್ತು ಗೋತ್ರ.

ಬಸ್ ಸ್ಟಾಪಿನಲ್ಲಿ ಕೇಳಿದೆ. ಅವರು ನನ್ನ ಮುಖ ನೋಡದೆ, ಬಸ್ಸಿನ ವೇಳಾಪಟ್ಟಿಯನ್ನು ಗದರಿಸುತ್ತಿರುವವರಂತೆ ಹೇಳಿದರು: "ಹೋದ ವರ್ಷ ತರ್ಪಣದಾಗ ಆಚಾರ್ರು ಕೇಳಿದ್ರು, 'ನಮ್ಮವರೆಲ್ಲಾ ಆತು, ಇನ್ನ ಗುರುಗಳು, ಗೆಳ್ಯಾರು, ಉಪಕಾರ ಮಾಡಿದವರು ಯಾರರೆ ಅದಾರೇನ್ರಿ, ಹೆಸರ ಹೇಳ್ರಿ' ಅಂತ. ಬಾಯಿ ತೆಗದೆ. ಯಾಕ ತೆಗದೆನೋ ನನಗ ಗೊತ್ತಿಲ್ಲ. ತೆಗದೆ, ಹೆಸರ ಇರಲಿಲ್ಲ. ನೀರು ಕೈಯಾಗ ಹಿಡಕೊಂಡು ಹಂಗ ಕೂತೆ. ಅಕಿ ಮ್ಯಾಲಿನ ಸಿಟ್ಟು ಬ್ಯಾರೆ, ಅಕಿಗೆ ಯಾರೂ ನೀರು ಬಿಡಲಾರದ್ದು ಬ್ಯಾರೆ. ತಿಳೀತಿಲ್ಲೋ?" ತಿಳಿಯಿತು ಎಂದೆ. "ಏನು ತಿಳದದ ನಿಮಗ!" ಎಂದು ಸಿಟ್ಟಾದರು.

ಅಮಾವಾಸ್ಯೆಯ ದಿನ ಧಾರವಾಡದ ಆಚಾರ್ಯರು ಫೋನಿನ ಪರದೆಯಲ್ಲಿ ಬಂದು ಕೂತರು. ಹಿತ್ತಲಲ್ಲಿ ದೊಡ್ಡಪ್ಪ ಒದ್ದೆ ಪಂಚೆ ಉಟ್ಟು, ಚಳಿಗೆ ನಡುಗುತ್ತಾ, ಎಳ್ಳು ದರ್ಭೆ ಹಿಡಿದು ಕೂತಿದ್ದರು. ನಮ್ಮವರದೆಲ್ಲ ಮುಗಿದ ಮೇಲೆ ಹೇಳಿದರು, "ಇನ್ನೊಬ್ಬರಿದ್ದಾರ್ರಿ. ವಿನಿಫ್ರೆಡ್."

ಪರದೆ ಸ್ವಲ್ಪ ಹೊತ್ತು ಅಲುಗಾಡದೆ ನಿಂತಿತು. ನೆಟ್‌ವರ್ಕೋ ಆಚಾರ್ಯರೋ ತಿಳಿಯಲಿಲ್ಲ. "ಗೋತ್ರ ಏನ್ರಿ ಡಾಕ್ಟ್ರ?"

"ಗೊತ್ತಿಲ್ಲ. ಅಪ್ಪ ಬಡಗಿ ಇದ್ದನಂತ."

"ಗೊತ್ತಿಲ್ಲಂದ್ರ ಕಾಶ್ಯಪ ಗೋತ್ರ ಅಂತ ಹಿಡೀತೇವ್ರಿ. ಶಾಸ್ತ್ರ ಅದ. ನೀರು ತಗೋಳ್ರಿ."

ಅಡುಗೆಮನೆಯ ಕಿಟಕಿ ಧಡಾರನೆ ತೆರೆಯಿತು. ದೊಡ್ಡಮ್ಮ! "ಕಾಶ್ಯಪ? ಅದು ನನ್ನ ತವರುಮನಿ ಗೋತ್ರ ಹೌದಲ್ರಿ! ಅಂದ್ರ ಅಕಿ ನನಗ ಅಕ್ಕ ಆದಳು. ಇನ್ನ ಮುಂದ ಈ ಮನ್ಯಾಗ ಅಕಿನ್ನ ಬೈದೀರಿ ಅಂದ್ರ ನನ್ನ ತವರುಮನಿ ಬೈದಂಗ, ನೆನಪಿರಲಿ!"

ಆಚಾರ್ಯರು ನಕ್ಕರು. ದೊಡ್ಡಪ್ಪ ನಗಲಿಲ್ಲ. ನೀರು ಬಿಟ್ಟರು. ಬೇಲಿಯ ಹಲಗೆಯ ಮೇಲೆ ಅನ್ನದ ಉಂಡೆ ಇಟ್ಟು ಹಿಂದೆ ಸರಿದು ನಿಂತರು.

ಕಾಗೆ ಬರಲಿಲ್ಲ. ಪಾರಿವಾಳ ಬಂತು, ಓಡಿಸಿದರು. ಅಳಿಲು ಬಂತು, "ನಿಮ್ಮದಲ್ರಿ ಅದು!" ಎಂದು ಗದರಿದರು. ಎದುರು ಮನೆಯ ಚಿಮಣಿಯ ಮೇಲೆ ಎರಡು ಕಾಗೆ ಕೂತು ಎಲ್ಲವನ್ನೂ ನೋಡುತ್ತಿದ್ದವು. ಕೈ ಬೀಸಿ ಕರೆದರು, ಕಾ ಕಾ ಎಂದರು, ಬೈದರು. ಅವು ಇತ್ತ ಕೊಕ್ಕು ತಿರುಗಿಸಲಿಲ್ಲ. ದೊಡ್ಡಪ್ಪನ ಮುಖದಲ್ಲಿ ಸಿಟ್ಟು ಒಂದೊಂದಾಗಿ ಖಾಲಿಯಾಗುತ್ತಿರುವುದನ್ನು ಆ ದಿನ ಮೊದಲ ಸಲ ನೋಡಿದೆ. ಅದರ ಕೆಳಗೆ ಏನಿದೆ ಎಂದು ನನಗೆ ನೋಡಲಾಗಲಿಲ್ಲ.

"ಅಲ್ರಿ," ದೊಡ್ಡಮ್ಮ ಮತ್ತೆ ಕಿಟಕಿಗೆ ಬಂದರು, "ಹೋದವರಿಗೆ ಏನು ಸೇರತಿತ್ತು ಅದನ್ನ ಇಡಬೇಕಲ್ರಿ? ಮಾವನವರಿಗೆ ಸೇರತದಂತ ಪ್ರತಿ ವರ್ಷ ನನ್ನ ಕಡೆ ಅಂಬೊಡಿ ಕರಸತೀರಿ. ನಮ್ಮ ಅಕ್ಕಗ ಬರೇ ಅನ್ನ ಇಟ್ಟು ನಿಂತೀರಲ್ಲ!"

ದೊಡ್ಡಪ್ಪ ಕಿಟಕಿಯನ್ನೇ ನೋಡಿದರು. ಆಮೇಲೆ ಒದ್ದೆ ಪಂಚೆಯ ಮೇಲೆ ಕೋಟು ಹಾಕಿಕೊಂಡು ಗೇಟು ದಾಟಿ ಸೂಪರ್‌ಮಾರ್ಕೆಟ್ಟಿಗೆ ಹೋದರು. ಆ ಅಂಗಡಿಯ ಮಾಂಸದ ಸಾಲಿನ ಕಡೆ ಮುಖ ಕೂಡ ತಿರುಗಿಸದೆ, ಹಾಲು ಬೇಕಿದ್ದರೆ ಸುತ್ತು ಹಾಕಿ ಹೋಗುತ್ತಿದ್ದ ಮನುಷ್ಯ! ಹಿಂದಿರುಗಿದಾಗ ತೋಳು ಚಾಚಿ, ಎರಡೇ ಬೆರಳಲ್ಲಿ, ತಮ್ಮಿಂದ ಎಷ್ಟು ದೂರ ಹಿಡಿಯಬಹುದೋ ಅಷ್ಟು ದೂರದಲ್ಲಿ ಒಂದು ಪ್ಯಾಕೆಟ್ಟು ಹಿಡಿದಿದ್ದರು.

"ಉಪ್ಪು ಭಾಳ ಅದ ಇದರಾಗ," ಎಂದು ಗೊಣಗಿದರು. "ಕಾಗಿಗೆ ಬಿ.ಪಿ. ಬರತದ."

ದೊಡ್ಡಮ್ಮ ಕಿಟಕಿಯಿಂದ ಹಳೆಯ ಇಕ್ಕಳ ಎಸೆದರು. "ಅದನ್ನ ಮತ್ತ ಒಳಗ ತರಬ್ಯಾಡ್ರಿ!"

ದೊಡ್ಡಪ್ಪ ಇಕ್ಕಳದಿಂದ ಒಂದೇ ಒಂದು ಪಟ್ಟಿ ಎತ್ತಿ, ಅನ್ನದಿಂದ ಮೊಳ ದೂರದಲ್ಲಿ, ಬೇಲಿಯ ಹಲಗೆಯ ಮೇಲೆ ನೇರವಾಗಿ ಹಾಸಿದರು. ಸರಿದು ನನ್ನ ಪಕ್ಕ ಬಂದು ನಿಂತರು. ಚಿಮಣಿಯ ಮೇಲಿಂದ ಒಂದು ಕಾಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಮೊದಲನೆಯದು ಪಟ್ಟಿಯನ್ನು ನುಂಗಿ, ಹಲಗೆಯ ಮೇಲೆ ಪಕ್ಕಕ್ಕೆ ಕುಪ್ಪಳಿಸಿ, ಅನ್ನಕ್ಕೂ ಒಂದು ಕೊಕ್ಕು ಹಾಕಿತು.

ಹೋದವರ ಸಲುವಾಗಿಯೋ ಬೇಕನ್ ಸಲುವಾಗಿಯೋ ಎಂದು ಈ ಸಲ ಅವರು ಕೇಳಲಿಲ್ಲ. ಕನ್ನಡಕ ತೆಗೆದು ಒದ್ದೆ ಪಂಚೆಯಲ್ಲಿ ಒರೆಸಿದರು. ಅದು ಇನ್ನಷ್ಟು ಒದ್ದೆಯಾಯಿತು. ಹಾಗೆಯೇ ಹಾಕಿಕೊಂಡು ಬೇಲಿಯ ಕಡೆಗೆ ಸ್ವಲ್ಪ ಬಾಗಿ, ದನಿ ತಗ್ಗಿಸಿ ಹೇಳಿದರು:

"ಬಂತು ನೋಡ್ರಿ, ವಿನಿಫ್ರೆಡ್ ಬಾಯಾರ."